ಮೂರು ಪಾಲು ಮಂತ್ರ

ಮಂತ್ರ ಹೇಳದಿದ್ದರೆ ಬಾವಿಯಲ್ಲಿ ದೀಪ ಉರಿಸುವ ಕಲ್ಲೆಣ್ಣೆ ಬರುವುದಿಲ್ಲ ಎಂದು ಮಸಿನಾಡಿನಲ್ಲಿ ಎಲ್ಲರೂ ನಂಬಿದ್ದರು. ಇದು ಬಹಳ ಹಿಂದಿನ ಮಾತು. ಆಗ ಅಲ್ಲಿ ಒಬ್ಬ ರಾಜನಿದ್ದ, ಒಂದು ಬಾವಿಯಿತ್ತು, ಒಬ್ಬ ಮಾಟಗಾರನಿದ್ದ. ರಾಜನ ಹೆಸರು ಈಗ ಯಾರಿಗೂ ನೆನಪಿಲ್ಲ. ಮಾಟಗಾರನ ಹೆಸರು ಜಟಂಗ.

ಮೊದಲು ಜಟಂಗನೊಬ್ಬನೇ ಮಂತ್ರ ಹೇಳುತ್ತಿದ್ದ. ಎಣ್ಣೆಯೆಲ್ಲ ಅರಮನೆಗೆ ಹೋಗುತ್ತಿತ್ತು. ಎಣ್ಣೆ ನಾಡಿನವರೆಲ್ಲರದು ಎಂದು ಊರ ಹಿರಿಯರು ಸೇರಿ ಬಾವಿ ಪಕ್ಷ ಕಟ್ಟಿದರು. ಜಟಂಗ ಅವರ ನಾಯಕನನ್ನು ಕರೆದು ಕಿವಿಯಲ್ಲಿ ಮಂತ್ರದ ಒಂದು ಪಾಲು ಉಸುರಿದ. ಅಂದಿನಿಂದ ಎಣ್ಣೆ ಅರಮನೆಗೂ ಹಿರಿಯರ ಮನೆಗೂ ಹೋಯಿತು. ನಾಯಕನಿಗೆ ನರಿಯ ತಲೆ ಬಂತು. ಇದನ್ನು ಕಂಡು ಸಿಟ್ಟಾದವರು ನಿಜ ಬಾವಿ ಪಕ್ಷ ಕಟ್ಟಿದರು. ಅವರ ನಾಯಕನಿಗೂ ಒಂದು ಪಾಲು ಸಿಕ್ಕಿತು, ಕೋಣನ ತಲೆ ಬಂತು. ಇವರಿಬ್ಬರೂ ಬೇಡ ಎಂದು ಪ್ರಾಯದವರು ಹೊಸ ಬಾವಿ ಪಕ್ಷ ಕಟ್ಟಿದರು. ಅವರ ನಾಯಕನಿಗೆ ಉಳಿದ ಪಾಲು ಸಿಕ್ಕಿತು, ಹುಂಜದ ತಲೆ ಬಂತು. ಜನ ಒಂದು ವಾರ ನಕ್ಕರು, ಆಮೇಲೆ ರೂಢಿಯಾಯಿತು.

ದಿನಾ ಬೆಳಿಗ್ಗೆ ಮೂವರೂ ಬಾವಿಕಟ್ಟೆಯ ಮೇಲೆ ಒಂದೊಂದು ಕಂಬಳಿ ಹೊದ್ದು ಕೂರುವರು. ಮೂವರೂ ಒಂದೇ ಸಲಕ್ಕೆ ತಮ್ಮ ತಮ್ಮ ಪಾಲನ್ನು ಗುಣುಗುವರು. ಒಬ್ಬರದು ಒಬ್ಬರಿಗೆ ಕೇಳಬಾರದು, ಅದು ಪದ್ಧತಿ. ಆಮೇಲೆ ತೊಗಲಿನ ಬಾನಿ ಬಾವಿಗಿಳಿಯುವುದು, ಎತ್ತು ಹಗ್ಗ ಎಳೆಯುವುದು.

ಹಗ್ಗ ಹೊಸೆಯುವವರ ಕೇರಿಯಲ್ಲಿ ಮಲ್ಲಾಣಿ ಎಂಬವಳಿದ್ದಳು. ಅವಳಿಗೆ ಬಿಲ್ಲಪ್ಪ ಎಂಬ ತಮ್ಮನೊಬ್ಬನೇ ದಿಕ್ಕು. ಅವನು ಒಮ್ಮೆ ತುಂಬಿದ ಸಭೆಯಲ್ಲಿ, "ಒಂದು ದಿನ ಮಂತ್ರ ಹೇಳದೆ ನೋಡೋಣವೇ?" ಎಂದು ಕೇಳಿದ. ಜಟಂಗ ಅವನನ್ನು ಎತ್ತು ಮಾಡಿ ಬಾವಿಯ ನೊಗಕ್ಕೆ ಕಟ್ಟಿದ. ನೊಗ ಹೊತ್ತು ಸಾವಿರ ದಿನ ಕಳೆದರೆ ಎತ್ತು ಎತ್ತಾಗಿಯೇ ಉಳಿಯುತ್ತದೆ.

ಸಾವಿರಕ್ಕೆ ಮೂರು ದಿನ ಉಳಿದಾಗ ಮಲ್ಲಾಣಿ ಜಟಂಗನ ಮುಂದೆ ನಿಂತಳು.

"ನನ್ನ ತಮ್ಮನನ್ನು ಬಿಡು."

"ಮಂತ್ರದ ಮೂರು ಪಾಲನ್ನೂ ತಂದು ಒಪ್ಪಿಸು, ಬಿಡುತ್ತೇನೆ," ಎಂದು ಜಟಂಗ ನಕ್ಕ. "ಅವರು ಹೆತ್ತ ತಾಯಿಗೂ ಹೇಳಿಲ್ಲ, ನಿನಗೆ ಹೇಳುತ್ತಾರೆಯೇ?"

"ಕೇಳಿದರೆ ಗೊತ್ತಾಗುತ್ತದೆ," ಎಂದು ಮಲ್ಲಾಣಿ ಹೊರಟಳು.

ಮೊದಲನೆಯ ದಿನ ನರಿತಲೆಯ ಹಂಪರಸನ ಮನೆಗೆ ಹೋದಳು. ಅವನ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿತ್ತು. ವೈದ್ಯರು ಹಲ್ಲು ನೋಡಿಯೇ ಹಿಂದಿರುಗಿದ್ದರು.

"ಮೂಳೆ ತೆಗೆಯುತ್ತೇನೆ ಅಯ್ಯಾ. ನಿಮ್ಮ ಪಾಲಿನ ಮಂತ್ರ ಹೇಳಬೇಕು."

ಹಂಪರಸ ತಲೆಯಾಡಿಸಿದ. ಮಲ್ಲಾಣಿ ಆ ಬಾಯೊಳಗೆ ಮೊಣಕೈ ತನಕ ಕೈಯಿಟ್ಟು ಮೂಳೆ ಕಿತ್ತಳು.

ಹಂಪರಸ ನಾಲಗೆ ಚಪ್ಪರಿಸಿ, "ನಮ್ಮ ಪಕ್ಷದ ರುಮಾಲು ಸುತ್ತಿಕೋ ತಂಗಿ, ವಾರಕ್ಕೊಂದು ಕೊಡ ಎಣ್ಣೆ ಕೊಡಿಸುತ್ತೇನೆ. ಮಂತ್ರ ಯಾಕೆ ನಿನಗೆ?" ಎಂದ.

"ರುಮಾಲು ಬೇಡ. ಮಾತು ಉಳಿಸಿಕೊಳ್ಳಿ. ಇಲ್ಲದಿದ್ದರೆ ಮೂಳೆ ನನ್ನ ಕೈಯಲ್ಲೇ ಇದೆ."

ಹಂಪರಸ ಬಾಗಿಲು ಹಾಕಿಸಿದ. ದನಿ ತಗ್ಗಿಸಿದ. "ವಯಸ್ಸಾಯಿತು ತಾಯಿ. ಹತ್ತು ವರ್ಷದ ಹಿಂದೆಯೇ ಮರೆತುಹೋಯಿತು. ಕಂಬಳಿಯೊಳಗೆ ಸುಮ್ಮನೆ ಕೆಮ್ಮುತ್ತೇನೆ. ಉಳಿದಿಬ್ಬರ ಪಾಲು ಗಟ್ಟಿ ಇದೆ, ಅದರಿಂದ ಎಣ್ಣೆ ಬರುತ್ತಿದೆ."

ಎರಡನೆಯ ದಿನ ಕೋಣತಲೆಯ ತಿಪ್ಪರಾಜನನ್ನು ಹುಡುಕಿದಳು. ಅವನು ಊರಾಚೆಯ ಕೆಸರು ಹೊಂಡದಲ್ಲಿ ಎದೆ ತನಕ ಹೂತಿದ್ದ. ಸುತ್ತ ನಿಂತ ಹಿಂಬಾಲಕರು ಜೈಕಾರ ಹಾಕುತ್ತಿದ್ದರು. ಒಬ್ಬನೂ ಕೆಸರಿಗೆ ಇಳಿದಿರಲಿಲ್ಲ. ಮಲ್ಲಾಣಿ ಇಳಿದು, ಅವನ ಕೊಂಬಿಗೆ ತನ್ನ ಹಗ್ಗ ಬಿಗಿದಳು.

"ಎಳೆಯಮ್ಮಾ," ಎಂದ ತಿಪ್ಪರಾಜ.

"ಮೊದಲು ನಿಮ್ಮ ಪಾಲು ಹೇಳಿ ಯಜಮಾನರೇ. ಕಿವಿಯಲ್ಲಿ ಹೇಳಿದರೆ ಸಾಕು."

"ನಮ್ಮ ರುಮಾಲು ಸುತ್ತಿಕೋ, ಹೇಳುತ್ತೇನೆ."

ಮಲ್ಲಾಣಿ ಹಗ್ಗ ಸಡಿಲಿಸಿದಳು. ತಿಪ್ಪರಾಜ ಒಂದು ಗೇಣು ಇಳಿದ.

"ಹೇಳುತ್ತೇನೆ, ಹೇಳುತ್ತೇನೆ. ಬಾವಿ ಪಕ್ಷದವರಿಗಿಂತ ನಮ್ಮದು ಚೆನ್ನಾಗಿರಲಿ ಎಂದು ಒಂದೆರಡು ಮಾತು ಬದಲಿಸಿದೆವು. ಮರುವರ್ಷ ಮತ್ತೆ ಬದಲಿಸಿದೆವು. ಈಗ ಅದರಲ್ಲಿ ನನ್ನ ಹೊಗಳಿಕೆ ಬಿಟ್ಟು ಬೇರೇನೂ ಇಲ್ಲ. ಆದರೆ ಉಳಿದಿಬ್ಬರ ಪಾಲು ಗಟ್ಟಿ ಇದೆಯಲ್ಲ."

ಮಲ್ಲಾಣಿ ಅವನನ್ನು ಎಳೆದು ದಡಕ್ಕೆ ಹಾಕಿದಳು. ಹಿಂಬಾಲಕರು ಅವನಿಗೇ ಜೈ ಎಂದರು.

ಮೂರನೆಯ ದಿನ ಹುಂಜತಲೆಯ ಚೌಡರಸ ಅರಮನೆಯ ಗೋಪುರದ ತುದಿಯಲ್ಲಿದ್ದ. ಅರಮನೆಯನ್ನೇ ಕೆಡವುತ್ತೇನೆ ಎಂದು ಒಂದು ಕಾಲದಲ್ಲಿ ಮೇಲೇರಿದವನು. ಮೇಲಿಂದ ನೋಟ ಚೆನ್ನಾಗಿತ್ತು, ಬೆಳಿಗ್ಗೆ ಬಾವಿಕಟ್ಟೆಗೆ ಬರುವುದು ಬಿಟ್ಟರೆ ಅಲ್ಲೇ ಉಳಿದಿದ್ದ. ಏಣಿಯನ್ನು ಮೇಲಕ್ಕೆ ಎಳೆದುಕೊಂಡಿದ್ದ. ಮಲ್ಲಾಣಿ ಹಗ್ಗ ಬೀಸಿ ಹತ್ತಿದಳು, ಅಂಗೈ ಸುಲಿದು ರಕ್ತ ಬಂತು.

"ತಮ್ಮಾ, ನೀನೂ ಬಿಲ್ಲಪ್ಪನೂ ಜೊತೆಯಲ್ಲಿ ಬೆಳೆದವರು. ಅವನನ್ನು ದಿನಾ ನೊಗದಲ್ಲಿ ನೋಡುತ್ತೀಯ."

"ನೋಡುವುದಿಲ್ಲ ಅಕ್ಕಾ. ಆ ಕಡೆ ತಿರುಗುವುದಿಲ್ಲ." ಚೌಡರಸನ ಜುಟ್ಟು ಜೋಲುಬಿತ್ತು. "ರುಮಾಲು ತಗೋ ಎಂದು ನಿನಗೆ ಹೇಳಲಾರೆ. ನಿಜ ಹೇಳುತ್ತೇನೆ. ಅಂದು ಜಟಂಗ ನನ್ನ ಕಿವಿಯಲ್ಲಿ ಏನೂ ಹೇಳಲಿಲ್ಲ. ಉಸ್ ಎಂದು ಗಾಳಿ ಊದಿದ ಅಷ್ಟೆ. ಕೇಳಿಸಲಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ ಎಂದು ತಲೆಯಾಡಿಸಿದೆ. ಹೇಗೂ ಉಳಿದಿಬ್ಬರ ಪಾಲು..."

"ಗಟ್ಟಿ ಇದೆ," ಎಂದಳು ಮಲ್ಲಾಣಿ.

ಸಾವಿರದ ದಿನದ ಬೆಳಿಗ್ಗೆ ಬಾವಿಕಟ್ಟೆಯ ಸುತ್ತ ಊರೇ ನೆರೆದಿತ್ತು. ಮೂವರೂ ಕಂಬಳಿ ಹೊದೆಯುತ್ತಿದ್ದರು.

"ಮೂರು ಪಾಲನ್ನೂ ತಂದೆಯಾ?" ಎಂದು ಜಟಂಗ ಕೇಳಿದ.

"ತಂದೆ." ಮಲ್ಲಾಣಿ ಸುಲಿದ ಅಂಗೈ ಬಿಚ್ಚಿ ತೋರಿಸಿದಳು. "ಇವರು ಕೊಟ್ಟದ್ದು ಇಷ್ಟೇ. ಒಬ್ಬರು ಮರೆತಿದ್ದಾರೆ, ಒಬ್ಬರು ಬದಲಿಸಿದ್ದಾರೆ, ಒಬ್ಬನಿಗೆ ನೀನು ಕೊಟ್ಟೇ ಇಲ್ಲ. ಸುಳ್ಳಾದರೆ ಕಂಬಳಿ ತೆಗೆದು ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಲಿ."

ನರಿ ಕೋಣನನ್ನು ನೋಡಿತು. ಕೋಣ ಹುಂಜವನ್ನು ನೋಡಿತು. ಹುಂಜ ಕಂಬಳಿ ತೆಗೆದು ಕೆಳಗಿಟ್ಟಿತು.

"ಬಾಯಿ ಮುಚ್ಚು," ಎಂದು ಜಟಂಗ ಕೋಲೆತ್ತಿದ. "ನಿನ್ನನ್ನೂ ನೊಗಕ್ಕೆ ಕಟ್ಟುತ್ತೇನೆ."

"ಕಟ್ಟು. ಬಾನಿ ಇಳಿಸಿದ ಮೇಲೆ ಕಟ್ಟು."

"ಮಂತ್ರವಿಲ್ಲದೆ ಇಳಿಸಿದರೆ ಬಾವಿ ಊರನ್ನೇ ನುಂಗುತ್ತದೆ."

ಜನ ಹಿಂದೆ ಸರಿದರು. ಕೆಲವರು ಓಡಿದರು. ಹಂಪರಸ ಅಭ್ಯಾಸಬಲದಿಂದ ಕೆಮ್ಮಲು ಹೊರಟ.

"ಅಯ್ಯಾ, ಇವತ್ತು ಅದೂ ಬೇಡ," ಎಂದಳು ಮಲ್ಲಾಣಿ. ಕಟ್ಟೆಯ ಮೇಲೆ ನಿಂತು ಬಾನಿ ಇಳಿಸಿದಳು. ಕೆಳಗೆ ಹಗ್ಗ ಭಾರವಾಯಿತು. ಎತ್ತಿನ ಬೆನ್ನು ತಟ್ಟಿ, "ಎಳೆ ಬಿಲ್ಲಪ್ಪ," ಎಂದಳು.

ಮುಂದಿನದನ್ನು ಮೊದಲೇ ಹೇಳಿಬಿಡಬಹುದು. ನೊಗ ಮುರಿದು ಬಿತ್ತು, ಬಿಲ್ಲಪ್ಪ ಎರಡು ಕಾಲಿನ ಮೇಲೆ ನಿಂತ, ಅಕ್ಕನ ಅಂಗೈ ನೋಡಿ ಬೈದ. ಮೂವರು ನಾಯಕರಿಗೂ ಮನುಷ್ಯರ ತಲೆ ಮರಳಿತು. ಅವರ ಗುರುತು ಅವರ ಪಕ್ಷದವರಿಗೇ ಸಿಗಲಿಲ್ಲ. ಜಟಂಗ ಸಂಜೆಯೊಳಗೆ ಒಬ್ಬ ಸಾಧಾರಣ ಮುದುಕನಾದ. ಮಲ್ಲಾಣಿಯ ಹೆಸರಿನಲ್ಲಿ ಪಕ್ಷ ಕಟ್ಟೋಣ ಎಂದು ಬಂದವರಿಗೆ ಅವಳು, "ಹಗ್ಗ ಬೇಕಾದರೆ ಹೊಸೆದುಕೊಡುತ್ತೇನೆ," ಎಂದು ಬಾಗಿಲು ಹಾಕಿಕೊಂಡಳು. ಮನೆಮನೆಯವರೂ ಸರದಿಯಂತೆ ಎಣ್ಣೆ ಸೇದಿಕೊಂಡು, ದೀಪ ಹಚ್ಚಿಕೊಂಡು, ಜಗಳವಿದ್ದಾಗ ನೇರವಾಗಿ ಜಗಳವಾಡಿಕೊಂಡು ಸುಖವಾಗಿದ್ದರು.

ಆ ಬೆಳಿಗ್ಗೆ ಯಾರೂ ಮಂತ್ರ ಹೇಳಿರಲಿಲ್ಲ. ಬಾನಿ ತುಂಬಿ ಬಂದಿತ್ತು.