ಅವಳು ನೋಡುವಾಗಿನ ನಡಿಗೆ

“ಅಲ್ಲಾ, ಈ ಮನುಷ್ಯನಿಗೆ ನಡೆಯೋಕೆ ಯಾರಾದ್ರೂ ಹೇಳ್ಕೊಟ್ಟಿದ್ದಾರೋ ಇಲ್ವೋ?”

ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಇಂಗ್ಲೆಂಡಿನ ಲಫ್‌ಬರೋದ ಶನಿವಾರದ ಬೆಳಗು. ಹೀಟರ್ ಇನ್ನೂ ಕಾದಿರಲಿಲ್ಲ. ದಾಕ್ಷಾಯಣಿ ಕೋಟು ಕೂಡ ತೆಗೆಯದೆ ಸ್ಕ್ರೀನಿನ ಎದುರು ಕೂತಿದ್ದಳು. ಅದರ ಮೇಲಿನ ಗೆರೆಗಳು ಸುಬ್ರಹ್ಮಣ್ಯನ ಹೆಜ್ಜೆಗಳವು. ಒಂದು ಗೆರೆಯ ಮೇಲೆ ಇನ್ನೊಂದು ಕೂರಬೇಕಿತ್ತು. ಇವು ದಾರಿ ತಪ್ಪಿದ ಇರುವೆಗಳ ಹಾಗೆ ಚದುರಿದ್ದವು.

ಮುಂದಿನ ತಿಂಗಳು ಅವಳು ಚೀನಾದ ಒಂದು ಕ್ರೀಡಾ ವಿಶ್ವವಿದ್ಯಾಲಯಕ್ಕೆ ಎಕ್ಸ್‌ಚೇಂಜ್ ಯೋಜನೆಯಲ್ಲಿ ನಾಲ್ಕು ತಿಂಗಳು ಹೋಗಬೇಕು. ಇಲ್ಲಿನ ಓಟಗಾರರನ್ನೂ ಅಲ್ಲಿನ ಓಟಗಾರರನ್ನೂ ಹೋಲಿಸುವುದು ಅವಳ ಪಿಎಚ್‌ಡಿ ಕೆಲಸ. ಅದಕ್ಕೆ ಮೊದಲು ಎರಡು ಲ್ಯಾಬಿನ ಕ್ಯಾಮೆರಾಗಳು ಒಂದೇ ಮಾತು ಹೇಳುತ್ತವೆಯೇ ಎಂದು ನೋಡಬೇಕು. ಒಬ್ಬನೇ ಮನುಷ್ಯ ಇಲ್ಲಿಯೂ ನಡೆದು, ಅಲ್ಲಿಯೂ ನಡೆದು ತೋರಿಸಬೇಕು. ತಕ್ಕಡಿ ಸರಿಯಿದೆಯೇ ಎಂದು ತಿಳಿಯಲು ಇಡುವ ತೂಕದ ಕಲ್ಲಿನ ಹಾಗೆ.

ಕಲ್ಲೇ ದಿನಕ್ಕೊಂದು ತೂಕ ತೂಗಿದರೆ?

ಸುಬ್ರಹ್ಮಣ್ಯ ಮೈಸೂರಿನವನು, ಇಲ್ಲಿ ಲಫ್‌ಬರೋದ ಆಚೆಯ ಒಂದು ಕಂಪನಿಯಲ್ಲಿ ಎಂಜಿನಿಯರ್. ಯುಗಾದಿ ಊಟದ ದಿನ ಅವಳ ಲ್ಯಾಬಿನ ಗೆಳತಿ ಸೌಮ್ಯಾ, “ನಮಗೆ ಸುಮ್ನೆ ನಡೆಯೋಕೆ ಒಬ್ಬರು ಬೇಕು” ಎಂದಾಗ, ಹೋಳಿಗೆಯ ತಟ್ಟೆ ಹಿಡಿದೇ ಕೈ ಎತ್ತಿದ್ದ. ಸ್ವಂತ ರಜೆಯೆಲ್ಲ ತಂಗಿಯ ಮದುವೆಗೆ ಮುಗಿದಿತ್ತು. ಸಂಶೋಧನೆಯ ಕೆಲಸವೆಂದರೆ ಚೀನಾಕ್ಕೆ ಹೋಗಿಬರಲು ಎರಡು ವಾರ ಬಿಡುತ್ತೇವೆ ಎಂದು ಕಂಪನಿ ಒಪ್ಪಿತ್ತು. ಈ ಕೆಲಸ ತಪ್ಪಿದರೆ ಆ ಎರಡು ವಾರವೂ ಇಲ್ಲ.

ನಡೆಯುವವನ ಮೈಮೇಲೆ ಅಂಟಿಸುವ ಬೂದು ಗೋಲಿಗಳ ಚಲನೆಯನ್ನು ಕ್ಯಾಮೆರಾ ಹಿಡಿಯುತ್ತದೆ. ಅಂಟಿಸುವ ಕೈ ಎರಡೂ ಕಡೆ ಒಂದೇ ಇರಬೇಕು, ಬೆರಳಗಲ ಆಚೀಚೆಯಾದರೂ ಲೆಕ್ಕ ತಪ್ಪುತ್ತದೆ. ಆ ಕೈ ದಾಕ್ಷಾಯಣಿಯದು. ಒಂದು ಜಾಗವೂ ಬಿಟ್ಟುಹೋಗದಿರಲೆಂದು ಅವಳು ಅಜ್ಜ ಬಾಯಿಪಾಠ ಮಾಡಿಸಿದ್ದ ಪದ್ಯವೊಂದನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು. ಒಂದು ಸಾಲಿಗೆ ಸೊಂಟ, ಒಂದಕ್ಕೆ ಮೊಣಕಾಲು, ಕಡೆಯದಕ್ಕೆ ಪಾದ.

“ಇನ್ನೂ ಸ್ವಲ್ಪ ಜೋರಾಗಿ ಹೇಳಬಹುದು,” ಎಂದಿದ್ದ ಅವನು ಮೊದಲ ದಿನ. “ಕೇಳೋರಿದ್ದಾರೆ.”

“ನೀವು ನಡೆಯೋಕೆ ಬಂದಿರೋದು, ಕೇಳೋಕಲ್ಲ.”

ಪಾದದ ಹತ್ತಿರ ಬಂದಾಗ ಅವನು ಕಾಲು ಹಿಂದಕ್ಕೆಳೆದುಕೊಂಡಿದ್ದ.

“ಯಾಕ್ರೀ, ಕಚಗುಳಿನಾ?”

“ಅಲ್ಲ. ನೀವು ಹೀಗೆ ನನ್ನ ಕಾಲ ಹತ್ರ ಕೂತ್ರೆ ಹೇಗೋ ಆಗತ್ತೆ.”

“ನಾನೇನು ನಮಸ್ಕಾರ ಮಾಡ್ತಿಲ್ಲ. ಗೋಲಿ ಅಂಟಿಸ್ತಿದೀನಿ.”

ಅಷ್ಟರಲ್ಲಿ ಅವನ ಹೆಬ್ಬೆರಳು ಅವಳ ಮಣಿಕಟ್ಟಿಗೆ ತಾಗಿತು. ಥಟ್ಟನೆ ಬಗ್ಗಿ ಅವಳ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡ. ಬಗ್ಗಿದ ರಭಸಕ್ಕೆ ಸೊಂಟದ ಗೋಲಿಗಳು ಕಳಚಿ ನೆಲದ ಮೇಲೆ ಉರುಳಿದವು.

“ಮುಗೀತು. ಮತ್ತೆ ಮೊದಲಿಂದ,” ಎಂದಳು ದಾಕ್ಷಾಯಣಿ.

“ಸಾರಿ. ಅಭ್ಯಾಸ.”

“ಅಲ್ಲೂ ಹೀಗೇ ಮಾಡಿ,” ಕಂಪ್ಯೂಟರ್ ಹಿಂದಿನಿಂದ ಸೌಮ್ಯಾ ನಕ್ಕಳು. “ಚೀನಾದ ಲ್ಯಾಬಿನ ಲಿಯು ಮೇಡಂ ಇದೂ ನಮ್ಮ ಪದ್ಧತಿ ಅಂದ್ಕೊಂಡು, ಅವರ ಓಟಗಾರರಿಗೆಲ್ಲ ಇವಳ ಕೈ ಕಣ್ಣಿಗೊತ್ಕೊಳ್ಳಿ ಅಂತಾರೆ.”

ಈಗ ಅದೇ ಲಿಯು ಮೇಡಂ ಬರೆದಿದ್ದರು: ನಿಮ್ಮ ಮನುಷ್ಯನ ನಡಿಗೆ ಸ್ಥಿರವಾಗಿಲ್ಲ, ಸೋಮವಾರದೊಳಗೆ ಸರಿಪಡಿಸಿ, ಇಲ್ಲವೇ ಬೇರೆಯವರನ್ನು ಕರೆತನ್ನಿ. ಬೇರೆಯವನು ಇದ್ದ. ಮಾಸ್ಟರ್ಸ್ ಓದುವ ದರ್ಶನ್, ಗಡಿಯಾರದಂತೆ ನಡೆಯುವವನು. ದಾಕ್ಷಾಯಣಿಗೆ ಅವನ ಹೆಸರು ಬರೆಯಲು ಮನಸ್ಸಾಗಲಿಲ್ಲ. ಯಾಕೆಂದು ತನ್ನನ್ನು ತಾನು ಕೇಳಿಕೊಳ್ಳಲೂ ಇಲ್ಲ.

ಹತ್ತು ಗಂಟೆಗೆ ಸೌಮ್ಯಾ ಬಂದಳು, ಹಿಂದೆಯೇ ಸುಬ್ರಹ್ಮಣ್ಯ. ಗೋಲಿ ಅಂಟಿಸಿಯಾಯಿತು. ಅವನು ನಡೆಯತೊಡಗುವಷ್ಟರಲ್ಲಿ ಧಾರವಾಡದಿಂದ ಅವ್ವನ ಫೋನು.

“ನೀವು ಶುರು ಮಾಡ್ರಿ, ಬಂದೆ,” ಎಂದು ಅವಳು ಹೊರಗೆ ಹೋದಳು.

ಮರಳಿ ಬಂದಾಗ ಸೌಮ್ಯಾ ಸ್ಕ್ರೀನನ್ನು ಅವಳ ಕಡೆ ತಿರುಗಿಸಿದಳು. ಗೆರೆಗಳೆಲ್ಲ ಒಂದರ ಮೇಲೊಂದು ಕೂತು ಒಂದೇ ಗೆರೆಯಾಗಿದ್ದವು.

“ಅರೆ! ಏನು ಮಾಡಿದೆ?”

“ನಾನೇನೂ ಮಾಡಿಲ್ಲ. ನೀನೊಂದು ಸಲ ಯಾವಾಗಲೂ ನಿಲ್ಲೋ ಕಡೆ ನಿಂತ್ಕೋ.”

ದಾಕ್ಷಾಯಣಿ ಅವನು ನಡೆಯುವ ದಾರಿಯ ಕೊನೆಗೆ ಹೋಗಿ ನಿಂತಳು. ಅವನು ಆ ತುದಿಯಿಂದ ಹೊರಟ. ಕಣ್ಣು ಎತ್ತಬಾರದೆಂದುಕೊಂಡು ಎತ್ತಿದ. ಎತ್ತಿದ್ದಕ್ಕೆ ನಾಚಿ ಕಿಟಕಿಯತ್ತ ನೋಡಿದ. ಮತ್ತೆ ಅವಳನ್ನೇ ನೋಡಿದ. ಗೆರೆ ಚದುರಿತು. ಅವಳು ಹೊರಗೆ ಹೋದಳು, ಕೂಡಿತು. ಒಳಗೆ ಬಂದಳು, ಚದುರಿತು.

“ಕ್ಯಾಮೆರಾದಲ್ಲಿ ದೋಷ ಇಲ್ಲ ಕಣೇ,” ಸೌಮ್ಯಾ ಎದ್ದಳು. “ನೀನು ಬಾಗಿಲಾಚೆ ಇದ್ರೆ ಇವರು ತೂಕದ ಕಲ್ಲು. ಒಳಗಿದ್ರೆ ಬಿಸಿ ನೀರಲ್ಲಿ ಹಾಕಿದ ಬೆಲ್ಲ. ನಂಗೆ ಕಾಫಿ ಬೇಕು. ನಿಮಗಿಬ್ಬರಿಗೂ ಬೇಡ ಅಂತ ಕಾಣತ್ತೆ.”

ಬಾಗಿಲು ಮುಚ್ಚಿತು.

“ನಿಮಗಿದು ಗೊತ್ತಿತ್ತಾ?” ಎಂದಳು ಅವಳು.

“ಮೊದಲ ದಿನದಿಂದ ಗೊತ್ತಿತ್ತು. ನೀವಲ್ಲಿ ನಿಂತ್ರೆ ಕೈ ಎಲ್ಲಿಟ್ಕೋಬೇಕು ಅಂತಾನೇ ತಿಳಿಯಲ್ಲ. ಎಡಗಾಲು ಎತ್ತಿದಾಗ ಬಲಗಾಲಿನ ಚಿಂತೆ.”

“ಹೇಳಬಾರದಿತ್ತಾ?”

“ಹೇಳಿದ್ರೆ ದರ್ಶನ್‌ನ ಕರ್ಕೊಂಡು ಹೋಗ್ತಿದ್ರಿ. ನನಗೆ ಬರಬೇಕಿತ್ತು.”

“ಚೀನಾ ನೋಡೋಕೆ?”

“ನೀವಿರೋ ಕಡೆಗೆ. ಅದು ಚೀನಾ ಆಗಿದೆ, ಅಷ್ಟೇ.”

ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಎದೆಯಲ್ಲಿ ಇನ್ನೇನೋ ಎದ್ದಿತು, ಅದಕ್ಕೆ ಹೆಸರಿಡಲು ಅವಳು ಅವಸರ ಮಾಡಲಿಲ್ಲ.

“ಒಂದು ದಾರಿ ಇದೆ,” ಎಂದ ಅವನು. “ಗೋಲಿ ಅಂಟಿಸಿ ನೀವು ಆಚೆ ಹೋಗಿಬಿಡಿ. ರೆಕಾರ್ಡಿಂಗ್ ಸೌಮ್ಯಾ ಮಾಡಲಿ. ಅಲ್ಲಿ ಲಿಯು ಮೇಡಂ ಮಾಡ್ತಾರೆ. ಇದರಲ್ಲಿ ಮೋಸ ಏನೂ ಇಲ್ಲ, ಅಲ್ವಾ? ಸಂಜೆಗಳೆಲ್ಲ ನಮ್ಮವೇ.”

ಮೋಸ ಇರಲಿಲ್ಲ. ನಿಯಮಕ್ಕೆ ಬೇಕಾದದ್ದು ಅವಳ ಕೈ, ಅವಳ ಕಣ್ಣಲ್ಲ. ಲಿಯು ಮೇಡಂ ಎರಡು ಸಾಲಿನಲ್ಲಿ ಒಪ್ಪುತ್ತಿದ್ದರು. ದಾಕ್ಷಾಯಣಿ ಆ ಎರಡು ವಾರಗಳನ್ನು ಕಲ್ಪಿಸಿಕೊಂಡಳು. ಪರದೇಶದ ಸಂಜೆ, ಅವನ ಮಾತು, ಇಬ್ಬರಿಗೂ ಓದಲು ಬಾರದ ಬೋರ್ಡುಗಳ ಕೆಳಗೆ ಊಟ. ಆಸೆಯಾಯಿತು. ಹಗಲನ್ನೂ ಕಲ್ಪಿಸಿಕೊಂಡಳು. ಅವಳು ಕಾರಿಡಾರಿನಲ್ಲಿ, ಅವನು ಒಳಗೆ ಅವಳೇ ಇಲ್ಲವೆಂಬಂತೆ ನಿರಾಳವಾಗಿ ನಡೆಯುತ್ತ, ದಿನದಿನವೂ ಅದನ್ನೇ ರೂಢಿಸಿಕೊಳ್ಳುತ್ತ. ಎಷ್ಟೋ ಜನರ ಹೆಜ್ಜೆ ಅಳೆದಿದ್ದಳು. ಅವಳು ನಿಂತಿದ್ದಾಳೆಂದು ಒಬ್ಬರ ಹೆಜ್ಜೆಯೂ ಕೂದಲೆಳೆಯಷ್ಟು ಬದಲಾಗಿರಲಿಲ್ಲ. ಇವನೊಬ್ಬನದು ಬದಲಾಗುತ್ತಿತ್ತು; ಅದನ್ನು ಅವನು ಮರೆತುಬಿಡುವುದು ಅವಳಿಗೆ ಬೇಕಿರಲಿಲ್ಲ.

ಅವಳು ಕೂತು ಲಿಯು ಮೇಡಂಗೆ ಬರೆದಳು. ಅವನು ಬಂದು ಸ್ಕ್ರೀನ್ ನೋಡಿದ.

“ದರ್ಶನ್ ಹೆಸರು ಹಾಕಿದ್ರಾ?”

“ಹಾಕಿದೆ.”

“ನಾಲ್ಕು ತಿಂಗಳು ನಿಮ್ಮನ್ನ ನೋಡೋಕಾಗಲ್ಲ, ದಾಕ್ಷಾಯಣಿ.”

“ನನಗೂ ಆಗಲ್ಲ. ಆದರೂ ಹೋಗಿ ಬರ್ತೀನಿ.”

“ಇನ್ನೂ ಕಳಿಸಿಲ್ಲ ತಾನೇ? ನಾನು ನಡೀತೀನಿ. ಒಂದೇ ಒಂದು ಸಲ ಆಚೆ ನಿಂತ್ಕೊಳ್ಳಿ, ಪ್ಲೀಸ್.”

ಅವಳು ಕಳಿಸುವ ಗುಂಡಿ ಒತ್ತಿ, ಎದ್ದು, ದಾರಿಯ ಕೊನೆಗೆ ಹೋಗಿ ಅವನತ್ತ ತಿರುಗಿ ನಿಂತಳು.

“ಇಲ್ಲ ರೀ,” ಎಂದಳು. “ನೀವು ನಡೆಯುವಾಗ ನಾನು ಆಚೆ ಹೋಗಲ್ಲ.”