ಕಂಚಿನ ಕೊಕ್ಕರೆ

"ಇದು ನಿನ್ನ ಕೈಗೆ ಕೊಡೋ ಮಾಲಲ್ಲ ಕಣೋ" ಎಂದು ಭಾವ ಎಲ್ಲರೆದುರಿಗೆ ಹೇಳಿದಾಗ ಎರಕದವನ ಕೈ ಅರ್ಧಕ್ಕೆ ಚಾಚಿಕೊಂಡಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಎಷ್ಟು ಕಷ್ಟದ ಕೆಲಸವೆಂದು ಅವನಿಗೆ ಆ ದಿನ ತಿಳಿಯಿತು. ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಳ್ಳುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ.

ಮಾಲು ಅಂದರೆ ಒಂದು ಕೊಕ್ಕರೆ. ಗೇಣುದ್ದದ ಕಂಚಿನ ಕೊಕ್ಕರೆ, ಕತ್ತು ಮುಂದಕ್ಕೆ ಚಾಚಿ, ರೆಕ್ಕೆಗಳನ್ನು ಹಿಂದಕ್ಕೆ ಒತ್ತಿಕೊಂಡು, ಗಾಳಿಯನ್ನು ಸೀಳಿ ಹಾರುವ ಭಂಗಿ. ಡಾಕ್ಟರಮ್ಮನ ತಂದೆಯ ಕಾಲದ ಕಾರಿನ ಬಾನೆಟ್ಟಿನ ತುದಿಯಲ್ಲಿ ಎಪ್ಪತ್ತು ವರ್ಷ ಹಾರಿದ್ದೇ ಹಾರಿದ್ದು. ಆ ಕಾರು ಮಾಡಿದ ಕಂಪನಿ ಮುಚ್ಚಿ ಹೋಗಿ ಎರಡು ತಲೆಮಾರಾಗಿತ್ತು. ಇಂಥ ಹಕ್ಕಿ ಲೋಕದಲ್ಲಿ ಇನ್ನು ಎರಡೋ ಮೂರೋ ಉಳಿದಿರಬಹುದು ಎನ್ನುತ್ತಿದ್ದರು. ನಿಕಲ್ ಲೇಪ ಅಲ್ಲಲ್ಲಿ ಎದ್ದುಹೋಗಿತ್ತು. ತಿಂಗಳೊಪ್ಪತ್ತಿನಲ್ಲಿ ಹಳೆಯ ಕಾರುಗಳ ಪ್ರದರ್ಶನವಿತ್ತು. ಹೊಸ ಮೆರುಗು ಕೊಡಿಸಲು ಡಾಕ್ಟರಮ್ಮ ಅದನ್ನು ಬಿಳಿ ಟವೆಲಿನಲ್ಲಿ ಸುತ್ತಿ, ಹಸುಗೂಸನ್ನು ತರುವಂತೆ ತಂದಿದ್ದರು. ಜೊತೆಗೆ ಅವರ ಡ್ರೈವರ್. ಗ್ಯಾರೇಜಿನ ಮೆಕ್ಯಾನಿಕ್‌ಗಳು ಇಬ್ಬರು. ಭಾವ. ಎರಕದವನನ್ನು ಬಿಟ್ಟರೆ ಐದು ಜನ.

"ಹೋದ ವರ್ಷ ಬಾಗಿಲಿನ ಹಿಡಿ ಹಾಕಿಕೊಟ್ರಲ್ಲ," ಎಂದರು ಡಾಕ್ಟರಮ್ಮ, "ಹಳೇದು ಯಾವುದು ಹೊಸದು ಯಾವುದು ಅಂತ ನನಗೇ ಗೊತ್ತಾಗಲ್ಲ. ಎಲ್ಲಿ ಸಿಕ್ತು ಅದು?"

"ಹುಡುಕಿದೆ ಅಮ್ಮಾ. ಆರು ತಿಂಗಳು ಊಟ ನಿದ್ದೆ ಬಿಟ್ಟು ಹುಡುಕಿದೆ. ಸಮುದ್ರದ ಆಚೆಯಿಂದ ಬಂತು."

ಆ ಸಮುದ್ರ ಎರಕದವನ ಹಿತ್ತಿಲಿನ ತಗಡಿನ ಶೆಡ್ಡಾಗಿತ್ತು. ಬಾಗಿಲ ಹಿಡಿ, ದೀಪದ ಸುತ್ತಿನ ಬಳೆ, ಗಾಜಿನ ಅಂಚಿನ ಪಟ್ಟಿ, ಹಾರ್ನಿನ ಬಿಲ್ಲೆ, ಎಲ್ಲವೂ ಅಲ್ಲೇ ಹುಟ್ಟಿ, ಭಾವನ ಬಾಯಲ್ಲಿ ಹಡಗು ಹತ್ತಿ ಬರುತ್ತಿದ್ದವು.

"ಇವರು?" ಡಾಕ್ಟರಮ್ಮ ಅವನ ಕಡೆ ನೋಡಿದರು.

"ಇವನಾ? ನಮ್ಮನೆಯವಳ ತಮ್ಮ. ಉಜ್ಜೋದು ತಿಕ್ಕೋದು ನೋಡ್ಕೋತಾನೆ. ಮಾತಿಲ್ಲ ಕತೆಯಿಲ್ಲ, ಮೂಕಪ್ಪ ಅಂತೀವಿ."

ಮೆಕ್ಯಾನಿಕ್ ಒಬ್ಬ ಕಿಸಕ್ಕೆಂದ. ಎರಕದವನು ಆಗಲೇ ಕೈ ಚಾಚಿದ್ದು, ಭಾವ ಆಗಲೇ ಆ ಮಾತಾಡಿದ್ದು.

ಗ್ಯಾರೇಜು ಎರಕದವನ ತಂದೆ ಕಟ್ಟಿದ್ದು. ಭಾವ ಅಲ್ಲಿಗೆ ಕೆಲಸ ಕಲಿಯಲು ಬಂದವನು. ಎರಕ ಹೊಯ್ಯುವುದನ್ನು ಒಂದಿಷ್ಟು ಕಲಿತ, ಮಾತಾಡುವುದನ್ನು ಪೂರ್ತಿ ಕಲಿತ, ಅಕ್ಕನನ್ನು ಮದುವೆಯಾದ. ತಂದೆ ಕಣ್ಣು ಮುಚ್ಚಿದ ವರ್ಷವೇ ಬೋರ್ಡಿನ ಮೇಲೆ ಭಾವನ ಹೆಸರು ಬಂತು. ಎರಕದವನು ಅಂದೂ ಶೆಡ್ಡಿಗೆ ಹೋಗಿ ಕುಲುಮೆ ಹಚ್ಚಿದ. ಮೂವತ್ತು ವರ್ಷ ಅವನು ಮಾಡಿದ್ದೆಲ್ಲ ಇನ್ನೊಬ್ಬರು ಮಾಡಿದಂತೆಯೇ ಕಾಣಬೇಕಿತ್ತು. ಅದೇ ಅವನ ವಿದ್ಯೆ. ತನ್ನ ಕೆಲಸವನ್ನು ಯಾರೂ ಗುರುತಿಸಲಿಲ್ಲವೆಂದರೆ ಗೆದ್ದ ಹಾಗೆ. ಗೆದ್ದು ಗೆದ್ದು ಅವನು ಕಾಣದೇ ಹೋಗಿದ್ದ.

ಆ ಸಂಜೆ ಸೈಕಲ್ ತುಳಿಯುತ್ತ ಮನೆಗೆ ಹೋಗುವಾಗ ಭಾವನ ಮಾತು ಕಿವಿಯೊಳಗೆ ಪಲ್ಲವಿಯ ಹಾಗೆ ಮರುಕಳಿಸುತ್ತಿತ್ತು. ಹತ್ತನೆಯ ಸಲವೋ ಹನ್ನೊಂದನೆಯ ಸಲವೋ ಕೇಳಿಸಿದಾಗ ಅವನು ಸೈಕಲ್ ನಿಲ್ಲಿಸಿದ. ಅವಮಾನವಾಗಿ ಬಂದ ಮಾತು ಈಗ ಬೇರೆ ರೂಪದಲ್ಲಿ ಎದುರಿಗೆ ನಿಂತಿತ್ತು. ಇದು ನಿನ್ನ ಕೈಗೆ ಕೊಡುವ ಮಾಲಲ್ಲ. ಅಲ್ಲಿದ್ದವರೆಲ್ಲ ಕೇಳಿದ್ದರು. ಅಂದಮೇಲೆ ಆ ಹಕ್ಕಿಗೆ ಏನೇ ಆದರೂ, ಅದು ಅವನ ಕೈಗೆ ಬಂದೇ ಇರಲಿಲ್ಲ.

ಉಪಾಯ ಮೂರು ದಿನದಲ್ಲಿ ಎರಕದಂತೆ ತಾನೇ ಹರಿದು ತಾನೇ ಗಟ್ಟಿಯಾಯಿತು. ಹಕ್ಕಿಯಂಥದೇ ಇನ್ನೊಂದು ಹಕ್ಕಿ ಮಾಡುವುದು. ಅಸಲನ್ನು ತೆಗೆದು ನಕಲನ್ನು ಇಡುವುದು. ಡಾಕ್ಟರಮ್ಮ ನಕಲನ್ನು ಒಯ್ಯಬೇಕು, ಭಾವನ ಕೈಯಿಂದಲೇ, ಭಾವನ ಸಹಿ ಬಿದ್ದ ರಸೀದಿಯ ಜೊತೆಗೇ. ಆಮೇಲೆ ಒಂದು ದಿನ, ಹಕ್ಕಿ ಅಸಲಲ್ಲವೆಂದು ಅವರಿಗೆ ತಿಳಿಯಬೇಕು. ಹಕ್ಕಿಯನ್ನಿಟ್ಟ ಗ್ಯಾರೇಜಿನ ಬೀರುವಿನ ಬೀಗದ ಕೈ ಯಾರಲ್ಲಿತ್ತು? ಭಾವನಲ್ಲಿ. ಮೆರುಗು ಕೊಟ್ಟವರು ಯಾರು? ಭಾವ. ಎರಕ ಬಲ್ಲವನೇ? ಬಲ್ಲ. ಭಾವ ಒಳಗೆ ಹೋಗುತ್ತಾನೆ, ಬೋರ್ಡು ಕೆಳಗಿಳಿಯುತ್ತದೆ. ಅದರ ಹಿಂದಿನ ಗೋಡೆಯಲ್ಲಿ ತಂದೆಯ ಹೆಸರಿನ ಹಳೆಯ ಬಣ್ಣ ಇನ್ನೂ ಇದೆ.

ಅಕ್ಕ? ಅಕ್ಕನ ವಿಷಯ ಬಂದಾಗೆಲ್ಲ ಮನಸ್ಸು ಒಂದು ಗಳಿಗೆ ತಡವರಿಸುತ್ತಿತ್ತು. ಅಕ್ಕನನ್ನು ತಾನು ನೋಡಿಕೊಳ್ಳುತ್ತೇನೆ ಎಂದುಕೊಂಡು ಅವನು ಆ ಜಾಗವನ್ನು ದಾಟುತ್ತಿದ್ದ, ನೀರು ನಿಂತ ಹೊಂಡವನ್ನು ದಾಟುವವರಂತೆ, ಕೆಳಗೆ ನೋಡದೆ.

ಪ್ರತಿ ಭಾನುವಾರ ಅವನ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ. ಮನೆಯ ಹಿಂದೆಯೇ ಗ್ಯಾರೇಜು. ಊಟವಾದ ಮೇಲೆ ಭಾವ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಎರಡು ಗಂಟೆ ಗೊರಕೆ ಹೊಡೆಯುತ್ತಾನೆ. ಬೀರುವಿನ ಬೀಗದ ಕೈ ಆ ಅಂಗಿಯ ಜೇಬಿನಲ್ಲಿ. ಅಕ್ಕ ಪಾತ್ರೆ ತೊಳೆದು ಪಕ್ಕದ ಮನೆಯವಳ ಜೊತೆ ಮಾತಿಗೆ ಕೂರುತ್ತಾಳೆ. ಎಷ್ಟೋ ವರ್ಷದಿಂದ ಒಂದೇ ತಾಳ.

"ಏನೋ, ಗುಬ್ಬಿ ಹಾಗೆ ಕೆದಕ್ತಾ ಇದೀಯ. ಹೊಟ್ಟೆ ತುಂಬ ತಿನ್ನೋ," ಎಂದಳು ಅಕ್ಕ ಮೊದಲ ಭಾನುವಾರ. ಭಾವ ಕೈ ತೊಳೆಯಲು ಎದ್ದಾಗ ದನಿ ತಗ್ಗಿಸಿ, "ಅವರು ಮೊನ್ನೆ ಏನೋ ಅಂದ್ರಂತೆ ಎಲ್ಲರ ಮುಂದೆ. ಮನಸಿಗೆ ಹಚ್ಕೋಬೇಡ. ಬಾಯಿ ಒರಟು ಅಷ್ಟೆ ಕಣೋ."

"ಹಚ್ಕೊಂಡಿಲ್ಲಕ್ಕ" ಎಂದ ಅವನು. ಒಳಮನೆಯಿಂದ ಗೊರಕೆ ಏರುವುದನ್ನೇ ಕಾಯುತ್ತಿದ್ದ.

ಡಾಕ್ಟರುಗಳು ಹಾಕುವ ತೆಳ್ಳನೆಯ ಕೈಗವಸು. ಬೀರು. ಟವೆಲು. ಹಕ್ಕಿ. ಹಲ್ಲಿನ ಅಚ್ಚು ತೆಗೆಯುತ್ತಾರಲ್ಲ, ಹತ್ತೇ ನಿಮಿಷಕ್ಕೆ ಗಟ್ಟಿಯಾಗುವ ಆ ರಬ್ಬರನ್ನು ಅವನು ಎರಡು ಭಾಗವಾಗಿ ಹಾಕಿ ಅಚ್ಚು ತೆಗೆದ. ಕೊಕ್ಕಿನ ಗೀರು, ಕಣ್ಣಿನ ಕುಳಿ, ಎಡ ರೆಕ್ಕೆಯ ತುದಿಯಲ್ಲಿ ಎಂದೋ ಕಲ್ಲು ತಾಗಿದ ಸಣ್ಣ ತಗ್ಗು, ಎಲ್ಲವೂ ಬಂದವು. ಹಕ್ಕಿಯನ್ನು ಒರೆಸಿ, ಟವೆಲನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಚಿ, ಬೀಗ ಹಾಕಿ, ಬೀಗದ ಕೈಯನ್ನು ಅಂಗಿಯ ಜೇಬಿಗೆ ಹಿಂದಿರುಗಿಸಿದಾಗ ಗೊರಕೆ ಇನ್ನೂ ಅದೇ ಶ್ರುತಿಯಲ್ಲಿತ್ತು.

ಕಂಚು ಆರುವಾಗ ಕುಗ್ಗುತ್ತದೆ. ಗೇಣುದ್ದದ ಹಕ್ಕಿ ಎರಡು ಅಕ್ಕಿಕಾಳಿನ ದಪ್ಪದಷ್ಟು ಗಿಡ್ಡವಾಗುತ್ತದೆ. ಕಲಿಯದವರು ಸಿಕ್ಕಿಬೀಳುವುದು ಇಲ್ಲೇ. ಅವನು ಅಚ್ಚಿನೊಳಗೆ ಒತ್ತಿ ತೆಗೆದ ಮೇಣದ ಹಕ್ಕಿಯ ಕತ್ತಿಗಿಷ್ಟು, ಬಾಲಕ್ಕಿಷ್ಟು, ರೆಕ್ಕೆಯ ಬುಡಕ್ಕಿಷ್ಟು ಕೂದಲೆಳೆಯ ಲೆಕ್ಕದಲ್ಲಿ ಕೂಡಿಸಿದ. ಮೇಣಕ್ಕೆ ಮಣ್ಣು ಮೆತ್ತಿ ಸುಟ್ಟು, ಎರಕ ಹೊಯ್ದು, ಮಣ್ಣು ಒಡೆದು, ಅರದಲ್ಲಿ ಉಜ್ಜಿ, ಬಟ್ಟೆಯಲ್ಲಿ ತಿಕ್ಕಿ, ಆರು ದಿನ ಅದರ ಜೊತೆ ಕೂತ. ಡಾಕ್ಟರಮ್ಮನ ಡ್ರೈವರ್ ಅದನ್ನು ಬಾನೆಟ್ಟಿಗೆ ಕೂರಿಸುವಾಗ ತಿರುಗಿಸಿ ನೋಡಿಯಾನು ಎಂದು, ಟೊಳ್ಳು ಹೊಟ್ಟೆಯೊಳಗೆ ಎಂಜಿನ್ ಆಯಿಲಿನಲ್ಲಿ ಕಲಸಿದ ಮಸಿಯನ್ನು ಬಟ್ಟೆ ಸುತ್ತಿದ ಕಡ್ಡಿಯಿಂದ ಬಳಿದು, ಕೈಯಾಡಿಸಿ ಒರೆಸಿ, ಎಪ್ಪತ್ತು ವರ್ಷದ ಕೊಳೆಯನ್ನು ಒಂದು ಮಧ್ಯಾಹ್ನದಲ್ಲಿ ಕೂರಿಸಿದ.

ಎರಡನೆಯ ಭಾನುವಾರ ಬೀರು ತೆರೆದು ಭಾವನ ಮೆರುಗನ್ನು ನೋಡಿದ. ಎಡ ರೆಕ್ಕೆಯ ಕೆಳಗೆ ಲೇಪ ಸರಿಯಾಗಿ ಹಿಡಿಯದೆ ಮಂಕಾಗಿ ಉಳಿದಿತ್ತು. ಮೂವತ್ತು ವರ್ಷವಾದರೂ ಇಷ್ಟೇ, ಎಂದುಕೊಂಡ. ಮನೆಗೆ ಬಂದು ತನ್ನ ಹಕ್ಕಿಗೆ ಲೇಪ ಕೊಡುವಾಗ ಆ ಮಂಕನ್ನೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬಿಟ್ಟ. ಬೇಕೆಂದೇ ಕೆಟ್ಟದಾಗಿ ಕೆಲಸ ಮಾಡುವುದು ಅವನಿಗೆ ಅದೇ ಮೊದಲು. ಆ ತಪ್ಪನ್ನು ತಪ್ಪಿಲ್ಲದೆ ಮಾಡಲು ಎರಡು ದಿನ ಹಿಡಿಯಿತು.

ಮೂರನೆಯ ಭಾನುವಾರ ಅಸಲು ಚೀಲಕ್ಕೆ ಬಂತು, ನಕಲು ಟವೆಲಿಗೆ ಹೋಯಿತು. ರಬ್ಬರಿನ ಅಚ್ಚನ್ನು ಗ್ಯಾರೇಜಿನ ಅಟ್ಟಣಿಗೆಯಲ್ಲಿ, ಒಣಗಿದ ಬಣ್ಣದ ಡಬ್ಬಗಳ ಹಿಂದೆ ಇಟ್ಟ. ಮಾರನೆಯ ದಿನ ಭಾವ ಹಕ್ಕಿಯನ್ನು ಬೆಳಕಿಗೆ ಹಿಡಿದು, ತನ್ನದೇ ಮಂಕನ್ನು ಹೆಬ್ಬೆರಳಿನಿಂದ ಮರೆಮಾಡಿ, ಡಾಕ್ಟರಮ್ಮನಿಗೆ ಕೊಟ್ಟ. ರಸೀದಿಗೆ ಸಹಿ ಹಾಕಿದ.

ಅಸಲನ್ನು ಇಟ್ಟುಕೊಳ್ಳುವಂತಿರಲಿಲ್ಲ. ಅವನು ಅದನ್ನು ಮಡಿಲಲ್ಲಿಟ್ಟುಕೊಂಡು ಶೆಡ್ಡಿನಲ್ಲಿ ಬಹಳ ಹೊತ್ತು ಕೂತ. ಇದನ್ನು ಮಾಡಿದ ಕೈ ಯಾವುದೋ, ಆ ಕೈಯವನ ಹೆಸರೂ ಯಾರಿಗೂ ಗೊತ್ತಿಲ್ಲ. ಕುಲುಮೆಗೆ ಗಾಳಿ ಹಾಕಿದ. ಲೋಹ ಕರಗಿಸುವ ಮೂಸೆಯೊಳಗೆ ಇಳಿಸಿದಾಗ ಹಕ್ಕಿ ಅದರ ಒಳಮೈಗೆ ತಾಗಿ ಒಂದೇ ಒಂದು ಸಲ ಟಣ್ಣೆಂದಿತು. ಆ ನಾದ ಎಷ್ಟು ಶುದ್ಧವಾಗಿತ್ತೆಂದರೆ ಅವನು ಬೆನ್ನು ತಿರುಗಿಸಿ ನಿಂತ. ಒಂದು ಗಂಟೆಯ ಮೇಲೆ ಅದು ನೀರೆತ್ತುವ ಪಂಪಿನ ಬಳೆಯಂಥ ಎರಡು ಬುಷ್ಷುಗಳಾಗಿತ್ತು. ಅದಾದ ಮೇಲೆ ಕೆಲವು ದಿನ ಚಮಚ ಲೋಟಕ್ಕೆ ತಗುಲಿದರೂ ಅವನು ಬೆಚ್ಚುತ್ತಿದ್ದ.

ಪ್ರದರ್ಶನದಲ್ಲಿ ಅವನು ಹಗ್ಗದ ಈಚೆ, ಒರೆಸುವ ಬಟ್ಟೆ ಹಿಡಿದು ನಿಂತಿದ್ದ. ತೀರ್ಪುಗಾರರಲ್ಲಿ ಹಿರಿಯರೊಬ್ಬರು ಬಾಗಿ, ಕನ್ನಡಕ ಮೇಲೇರಿಸಿ, ಹಕ್ಕಿಯನ್ನು ನೋಡಿ, "ಈಗಿನವರ ಕೈಲಿ ಇದಾಗುತ್ತಾ? ಆ ಕಾಲದವರೇ ಬೇರೆ" ಎಂದರು. ಎರಕದವನು ಬಟ್ಟೆಯನ್ನು ಇನ್ನೊಂದು ಕೈಗೆ ಬದಲಿಸಿದ. ಭಾವ ಪಕ್ಕದಲ್ಲಿ ನಿಂತು ಹಲ್ಲುಬಿಟ್ಟು ನಗುತ್ತಿದ್ದ. ಅದನ್ನು ನೋಡಿದ ಮೇಲೆ, ಉಳಿದಿದ್ದ ಒಂದು ಚೂರು ಅನುಮಾನವೂ ಕರಗಿತು. ಎಡಗೈಯಲ್ಲಿ ಬರೆದ ಎರಡು ಸಾಲಿನ ಪತ್ರ ಡಾಕ್ಟರಮ್ಮನ ಮನೆಗೆ ಹೊರಟಿತು: ಹಕ್ಕಿಯ ಲೋಹವನ್ನು ಪರೀಕ್ಷೆ ಮಾಡಿಸಿ, ಗ್ಯಾರೇಜಿನ ಅಟ್ಟಣಿಗೆಯನ್ನು ಹುಡುಕಿಸಿ.

ಲೋಹ ಹೊಸದೆಂದು ಬಂತು. ಅಚ್ಚು ಸಿಕ್ಕಿತು. ಭಾವನನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಎಲ್ಲ ಅವನು ಎಣಿಸಿದ ಕ್ರಮದಲ್ಲೇ ನಡೆಯಿತು, ಅಕ್ಕ ಬಂದು ಶೆಡ್ಡಿನ ಹೊಸ್ತಿಲ ಮೇಲೆ ಕೂತಿದ್ದೊಂದನ್ನು ಬಿಟ್ಟು.

"ಅವರು ಸುಳ್ಳು ಹೇಳ್ತಾರೆ ಕಣೋ, ನನಗೇ ದಿನಕ್ಕೆ ಹತ್ತು ಹೇಳ್ತಾರೆ. ಕದಿಯೋರಲ್ಲ," ಎಂದಳು. ಅಳು ಮುಗಿದು ಬತ್ತಿದ ದನಿ. "ನೀನು ಅವರ ಪರವಾಗಿ ಒಂದು ಮಾತು ಹೇಳೋ. ನಿನ್ನ ಮಾತು ನಂಬ್ತಾರೆ. ನೀನು ಮಾತಾಡೋದೇ ಅಪರೂಪ."

"ಕೇಳಿದ್ರೆ ಹೇಳ್ತೀನಕ್ಕ."

"ಅಪ್ಪ ಇದ್ದಿದ್ರೆ..." ಎಂದಳು. ಅವನು ಅರವನ್ನು ಕೈಗೆತ್ತಿಕೊಂಡು ಏನನ್ನೋ ಉಜ್ಜಲು ಶುರುಮಾಡಿದ. ಸದ್ದಿಗೆ ಅವಳು ಎದ್ದು ಹೋದಳು. ಉಜ್ಜುತ್ತಿದ್ದದ್ದು ಏನನ್ನೆಂದು ಅವನು ಆಮೇಲೆ ನೋಡಿದ. ಬರೀ ಹಲಗೆಯ ಅಂಚು.

ಠಾಣೆಯಲ್ಲಿ ಎಲ್ಲರ ಹತ್ತೂ ಬೆರಳುಗಳ ಗುರುತು ತೆಗೆದುಕೊಂಡಿದ್ದರು: ಭಾವನದು, ಮೆಕ್ಯಾನಿಕ್‌ಗಳದು, ಡ್ರೈವರನದು, ಅವನದು. ಅವನು ಸಂತೋಷದಿಂದಲೇ ಶಾಯಿಗೆ ಕೈ ಕೊಟ್ಟಿದ್ದ. ಎರಡು ದಿನ ಬಿಟ್ಟು ಮತ್ತೆ ಕರೆಸಿದರು. ಮೇಜಿನ ಮೇಲೆ ಹಕ್ಕಿ. ಇನ್ಸ್‌ಪೆಕ್ಟರ್ ಒಂದು ಕಡೆ. ಇನ್ನೊಂದು ಕಡೆ ಲೋಹ ಪರೀಕ್ಷೆ ಮಾಡಿದ ನರೆಗೂದಲಿನ ಹೆಂಗಸು.

"ಬೀರು ಮೇಲೆ ನಿಮ್ಮ ಭಾವಂದು ಬಿಟ್ರೆ ಯಾರ ಗುರುತೂ ಇಲ್ಲ," ಎಂದರು ಇನ್ಸ್‌ಪೆಕ್ಟರ್. "ಅಚ್ಚಿನ ಮೇಲೆ ಯಾರದೂ ಇಲ್ಲ. ಹಕ್ಕಿ ಮೈಮೇಲೂ ನಿಮ್ಮದಿಲ್ಲ."

"ಹೌದು ಸಾರ್."

"ಇದನ್ನ ನೀವು ಮುಟ್ಟೇ ಇಲ್ಲ?"

"ನನ್ನ ಕೈಗೆ ಕೊಡಲೇ ಇಲ್ಲ ಸಾರ್. ಐದು ಜನ ಇದ್ರು, ಕೇಳಿ ನೋಡಿ."

"ಇದರ ಅಚ್ಚು, ಮೇಣ, ಎರಕ, ಯಾವುದನ್ನೂ?"

"ದೇವರಾಣೆಗೂ ಇಲ್ಲ."

ಇನ್ಸ್‌ಪೆಕ್ಟರ್ ಬರೆದುಕೊಂಡರು. ಅವನು ಓದಿ ಸಹಿ ಹಾಕಿದ. 

ಹೆಂಗಸು ಹಕ್ಕಿಯನ್ನು ಅಂಗಾತ ಮಲಗಿಸಿ, ಪೆನ್ಸಿಲಿನಷ್ಟು ಸಣ್ಣ ದೀಪವನ್ನು ಅದರ ಟೊಳ್ಳು ಹೊಟ್ಟೆಯೊಳಗೆ ಇಳಿಸಿದಳು. ಅಚ್ಚಿನೊಳಗೆ ಮೇಣವನ್ನು ಕೈಗವಸು ಹಾಕಿಕೊಂಡು ಒತ್ತುವುದಕ್ಕಾಗುವುದಿಲ್ಲ. ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಬರಿ ಬೆರಳಿಗೆ ಮಾತ್ರ ತಿಳಿಯುತ್ತದೆ. ತಂದೆ ಕಲಿಸಿದ್ದೇ ಹಾಗೆ, ಅವನ ಕೈ ಮೂವತ್ತು ವರ್ಷ ಒತ್ತಿದ್ದೇ ಹಾಗೆ. ಬೆರಳು ಒತ್ತಿದ್ದನ್ನು ಮೇಣ ಇಟ್ಟುಕೊಂಡಿತ್ತು, ಮೇಣ ಇಟ್ಟುಕೊಂಡದ್ದನ್ನು ಕಂಚು ಇಟ್ಟುಕೊಂಡಿತ್ತು, ಕಂಚಿನ ಗೀರುಗಳೊಳಗೆ ಅವನೇ ಬಳಿದ ಮಸಿ ಇಳಿದು ಒಂದೊಂದು ಸುಳಿಯನ್ನೂ ಎಣಿಸುವ ಹಾಗೆ ಎತ್ತಿ ತೋರಿಸುತ್ತಿತ್ತು. ಆಕೆ ಶಾಯಿಯ ಕಾಗದವನ್ನು ಪಕ್ಕಕ್ಕೆ ಎಳೆದುಕೊಂಡು ಒಮ್ಮೆ ಅದನ್ನೂ ಒಮ್ಮೆ ಇದನ್ನೂ ನೋಡಿದಳು. ಆಮೇಲೆ ಅವನ ಕಡೆ ತಿರುಗಿದಳು. ಅಷ್ಟು ಗೌರವದಿಂದ ಅವನನ್ನು ಅವನ ಜನ್ಮದಲ್ಲಿ ಯಾರೂ ನೋಡಿರಲಿಲ್ಲ. "ಇಂಥ ಎರಕ ನಾನು ಎಲ್ಲೂ ನೋಡಿಲ್ಲ," ಎಂದಳು. "ಬಲಗೈ ಹೆಬ್ಬೆರಳು, ಅಲ್ವಾ?"