ಸೊಳ್ಳೆ ಕೂರದ ಕಾಲು

ಪಂಜ್ ನದಿಯ ಬದಿಯ ಭತ್ತದ ಗದ್ದೆಗಳಲ್ಲಿ ಸಬೋಹತ್ ಮತ್ತು ನಾನು ಮಲೇರಿಯಾ ಕೇಂದ್ರಕ್ಕಾಗಿ ಸಂಜೆ ಹೊತ್ತು ಸೊಳ್ಳೆ ಹಿಡಿಯುತ್ತಿದ್ದೆವು. ಬಟ್ಟೆಯನ್ನು ಮೊಣಕಾಲಿನವರೆಗೆ ಮಡಚಿ ಕೂರುವುದು, ಸೊಳ್ಳೆ ಕೂತೊಡನೆ, ಕಚ್ಚುವ ಮೊದಲೇ, ಕೊಳವೆಯಿಂದ ಹೀರಿ ಹಿಡಿಯುವುದು. ಎಲ್ಲಿ ಮೊದಲು ಮದ್ದು ಹೊಡೆಯಬೇಕೆಂದು ಕೇಂದ್ರದವರು ಹಿಡಿದ ಸೊಳ್ಳೆಗಳ ಲೆಕ್ಕ ನೋಡಿಯೇ ತೀರ್ಮಾನಿಸುತ್ತಿದ್ದರು.

ಮರುದಿನ ಇಬ್ಬರೂ ಓದಲು ರಾಜಧಾನಿ ದುಶಾಂಬೆಗೆ ಹೊರಡಬೇಕಿತ್ತು. ಸಬೋಹತ್ ಜೊತೆಗಿದ್ದರೆ ಮಾತ್ರ ಕಳಿಸುತ್ತೇನೆಂದು ಅಪ್ಪ ಖಡಾಖಂಡಿತವಾಗಿ ಹೇಳಿದ್ದರು.

ಆ ಸಂಜೆ ಅವಳು ತಡವಾಗಿ ಬಂದು ಪಕ್ಕದಲ್ಲಿ ಕೂತಳು. ನನ್ನ ಕಾಲಿಗೆ ಸೊಳ್ಳೆಗಳು ಮುತ್ತುತ್ತಿದ್ದವು. ಅವಳ ಕಾಲಿನ ಮೇಲೆ ಒಂದೂ ಕೂರಲಿಲ್ಲ.

"ಏನೇ, ಸೊಳ್ಳೇನೂ ನಿಂಗೆ ಹೆದರ್ತವಾ?" ಎಂದೆ.

"ನಿನ್ ರಕ್ತಾನೇ ಸಿಹಿ ಬಿಡೇ."

ಅವಳ ಕಡೆಗಿದ್ದ ನನ್ನ ತೋಳು ಮಾತ್ರ ಬಾವಿ ನೀರಲ್ಲಿ ಅದ್ದಿದ ಹಾಗೆ ತಣ್ಣಗಿತ್ತು.

ಅಷ್ಟರಲ್ಲಿ ಫೋನ್ ಬಂತು. ಅದು ಸಬೋಹತ್‌ಳ ದನಿ.

"ಬೈಬೇಡ ಕಣೇ. ನಾನು ಮಧ್ಯಾಹ್ನವೇ ದುಶಾಂಬೆಗೆ ಬಂದ್ಬಿಟ್ಟೆ. ಅತ್ತೆ ಮನೇಲಿ ಒಬ್ಬಳಿಗೇ ಜಾಗ ಅಂದ್ರು. ನಿಂಗೆ ಹೇಳೋಕೆ ಮುಖ ಇರ್ಲಿಲ್ಲ."

ಹೆದರಿಕೆಗಿಂತ ಮೊದಲು ನನಗೆ ಬಂದದ್ದು ಅಳು. ನಿನ್ನೆಯಷ್ಟೇ ನನ್ನ ರೊಟ್ಟಿಯಲ್ಲಿ ಅರ್ಧ ಮುರಿದುಕೊಂಡು ತಿಂದವಳು ಅವಳು. ಆಗಲೇ ಅವಳಿಗೆ ಎಲ್ಲ ಗೊತ್ತಿತ್ತು.

ಪಕ್ಕದವಳು ನನ್ನತ್ತ ತಿರುಗಲಿಲ್ಲ. "ನಾನ್ ಬರ್ತೀನಲ್ಲ," ಎಂದಳು.

ಕೊಳವೆ ಬಿಸುಟು ಮನೆಗೆ ಓಡಿದೆ. ಅಪ್ಪನಿಗೆ ನಿಜ ಹೇಳಲು ರಾತ್ರಿಯೆಲ್ಲ ಬಾಯಿ ಬರಲಿಲ್ಲ. ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಕೂತಮೇಲೂ ಬರಲಿಲ್ಲ. ಅವರು ಕಿಟಕಿಗೆ ಬಗ್ಗಿ, ಹಿಂದಿನ ಸೀಟಿನಲ್ಲಿದ್ದ ನನ್ನನ್ನೂ ಪಕ್ಕದ ಖಾಲಿ ಜಾಗವನ್ನೂ ನೋಡಿ ನಕ್ಕರು.

"ಜಗಳ ಆಡ್ದೇ ಹೋಗಿ, ಇಬ್ರೂ," ಎಂದರು.